ಗುಂಡನಿಗೆ ಬಿಸಿಲೂ ಬೇಕು, ನೆರಳೂ ಬೇಕು

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ದಾವಣಗೆರೆ ಕಡೆಯವರು. ಮೆಲ್ಬರ್ನ್‌ಗೆ ಬಂದು 6 ವರ್ಷ ಆಯ್ತು. ನನ್ನ 10 ವರ್ಷದ ಮಗಳು ಹಟ ಮಾಡಿ ಒಂದು ಬಿಯರ್ಡೆಡ್ ಡ್ರ್ಯಾಗನ್ (ಇಲ್ಲಿನ ಒಂದು ಜಾತಿಯ ಹಲ್ಲಿ) ತರಿಸಿಕೊಂಡಿದ್ದಾಳೆ. ಲೈಸೆನ್ಸ್ ಮಾಡಿಸಿದ್ದೇವೆ. ಹೆಸರು ಗುಂಡ, ಈಗ 7 ತಿಂಗಳು. ಮಾರಿದವರೇ 2 ಅಡಿಯ ಗಾಜಿನ ಅಕ್ವೇರಿಯಂ, ಕ್ಯಾಲ್ಸಿಯಂ ಮರಳು, ಕರೆಂಟಿನಿಂದ ಬಿಸಿಯಾಗುವ ಕಲ್ಲು, ರಾತ್ರಿಗೆ ಕೆಂಪು ಬಲ್ಬು ಎಲ್ಲ ಸೇರಿಸಿ ಕೊಟ್ಟರು. ಯುವಿ (ನೇರಳಾತೀತ ಬೆಳಕಿನ) ಟ್ಯೂಬ್ ಬೇಡ, ಕಿಟಕಿ ಪಕ್ಕ ಇಟ್ಟರೆ ಸಾಕು ಅಂದರು. ಮೊದಮೊದಲು ಚೆನ್ನಾಗಿದ್ದ. ಜೂನ್ ಬಂದು ಇಲ್ಲಿ ಚಳಿಗಾಲ ಶುರುವಾದ ಮೇಲೆ ತಿನ್ನುವುದು ಕಡಿಮೆಯಾಗಿದೆ, ಮಧ್ಯಾಹ್ನವೂ ಮಲಗಿರುತ್ತಾನೆ. ಎದ್ದಾಗ ಗಾಜನ್ನು ಪರಪರ ಕೆರೆಯುತ್ತಾನೆ, ಗಡ್ಡ ಕಪ್ಪಾಗುತ್ತದೆ. ಊರಿಂದ ಬಂದಿರುವ ನಮ್ಮ ಅತ್ತೆ, ‘ಪಾಪ, ಒಂಟಿ ಜೀವ, ಅದಕ್ಕೊಂದು ಜೊತೆ ತನ್ನಿ’ ಅಂತಾರೆ. ಮರಳು ತಿಂದು ಸತ್ತೇಹೋಗುತ್ತೆ ಅಂತ ಇನ್ನೊಬ್ಬರು ಹೆದರಿಸಿದ್ದಾರೆ. ಅವನಿಗೆ ಸರಿಯಾದ ಗೂಡು ಹೇಗಿರಬೇಕು? ಒಂದೇ ಸಲ ಎಲ್ಲ ಕೊಳ್ಳುವಷ್ಟು ದುಡ್ಡೂ ಇಲ್ಲ. ಹಾಂ, ಇನ್ನೊಂದು. ಇತ್ತೀಚೆಗೆ ಹಿಂಗಾಲಿನ ಬೆರಳು ಆಗಾಗ ಸಣ್ಣಗೆ ಅದುರುತ್ತೆ. ಚಳಿಗಿರಬೇಕು, ಅಲ್ವಾ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಗೂಡಿನ ಮಾತು ಆಮೇಲೆ.

ಬೆರಳು ಅದುರುವುದು ಚಳಿಗಲ್ಲ. ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಉಪಾಯ ನಮ್ಮಂಥ ಬಿಸಿರಕ್ತದ ಪ್ರಾಣಿಗಳದ್ದು. ಗುಂಡನ ಜಾತಿಗೆ ಅದು ಗೊತ್ತಿಲ್ಲ. ಚಳಿಯಾದರೆ ಅವು ನಿಧಾನವಾಗುತ್ತವೆ, ಅಷ್ಟೇ. ಬೆಳೆಯುವ ಮರಿ, ಯುವಿ ಟ್ಯೂಬ್ ಇಲ್ಲ, ಬೆರಳು ಅದುರುತ್ತಿದೆ. ಈ ಮೂರನ್ನು ಒಟ್ಟಿಗೆ ಕೇಳಿದರೆ ನನಗೆ ಮೊದಲು ಬರುವ ಅನುಮಾನ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು. ಹಾಗೇ ಬಿಟ್ಟರೆ ಮೂಳೆ ಮೆತ್ತಗಾಗುತ್ತದೆ. ಕೆಳದವಡೆ ರಬ್ಬರಿನಂತಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಎತ್ತಿಕೊಂಡಾಗಲೇ ಮೂಳೆ ಮುರಿದ ಮರಿಗಳನ್ನೂ ನೋಡಿದ್ದೇನೆ. ಈ ವಾರದಲ್ಲೇ, ಆದಷ್ಟು ಬೇಗ, ಸರೀಸೃಪ ನೋಡುವ ವೆಟ್ (ಪಶುವೈದ್ಯರು) ಹತ್ತಿರ ಕರೆದುಕೊಂಡು ಹೋಗಿ. ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆಯಿಂದ ಎಷ್ಟರ ಮಟ್ಟಿಗೆ ಆಗಿದೆ ಗೊತ್ತಾಗುತ್ತದೆ. ಅದುರುವುದು ಮೈಗೆಲ್ಲ ಹಬ್ಬಿದರೆ, ಇಲ್ಲವೇ ಕಾಲು ಎಳೆದುಕೊಂಡು ಓಡಾಡಿದರೆ ಅವತ್ತೇ ಹೋಗಬೇಕು. ಅಲ್ಲಿಯವರೆಗೆ ಅವನನ್ನು ಎತ್ತುವಾಗ ಅಂಗೈ ಪೂರ್ತಿ ಹೊಟ್ಟೆ ಕೆಳಗಿರಲಿ. ಮಗಳಿಗೂ ಹೇಳಿ. ಇನ್ನು, ಅಂಗಡಿಯಲ್ಲಿ ಸಿಗುವ ವಿಟಮಿನ್ ಡಿ ಹನಿಯನ್ನು ನೀವೇ ತಂದು ಹಾಕಬೇಡಿ. ಅದು ಜಾಸ್ತಿಯಾದರೂ ತೊಂದರೆಯೇ.

ಇದು ನಿಮ್ಮ ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಮಗೆ ಮಾರಿದವರು ಕೊಟ್ಟ ಸಾಮಾನಿನ ಪಟ್ಟಿ ನನಗೆ ಬಾಯಿಪಾಠವಾಗಿದೆ. ನನ್ನ ಕ್ಲಿನಿಕ್ಕಿಗೆ ಬರುವ ಬಿಯರ್ಡಿಗಳಲ್ಲಿ ಹೆಚ್ಚಿನವಕ್ಕೆ ಕಾಯಿಲೆ ಬಂದಿರುವುದು ಗೂಡಿನಿಂದಲೇ.

ನಾನು ಹೆಬ್ಬಾಳದಲ್ಲಿ ಓದಿದವನು. ಅಲ್ಲಿ ಹಸು, ಎಮ್ಮೆ, ಕುರಿ ನೋಡಿದ್ದೆ. ಈ ದೇಶಕ್ಕೆ ಬಂದು ಮೊದಲ ಬಿಯರ್ಡಿಯನ್ನು ಕೈಗೆತ್ತಿಕೊಂಡಾಗ ಅನಿಸಿದ್ದು, ‘ಅರೆ, ಇದು ನಮ್ಮ ಓತಿಕ್ಯಾತ!’ ಅದು ಬರೀ ಹೋಲಿಕೆಯಲ್ಲ. ನಮ್ಮ ಓತಿಕ್ಯಾತವೂ ಇದೂ ಒಂದೇ ಕುಟುಂಬದವು. ಓತಿಕ್ಯಾತನಿಗೆ ಬೇಲಿ ಗೂಟ ಸಾಕ್ಷಿ ಅಂತ ಗಾದೆ ಇದೆಯಲ್ಲ, ಇಲ್ಲೂ ಹಾಗೇ. ವಿಕ್ಟೋರಿಯಾದ ವಾಯವ್ಯ ಮೂಲೆಯಲ್ಲಿ, ಮಿಲ್ಡ್ಯುರಾ ಕಡೆಯ ಒಣ ಪ್ರದೇಶದಲ್ಲಿ ಹೋಗುವಾಗ ಬೇಲಿ ಕಂಬದ ತುದಿಯಲ್ಲಿ ಕೂತಿರುತ್ತವೆ. ಬೆಳಗ್ಗೆ ಬಿಸಿಲಿಗೆ ಬಂದು ಮೈ ಚಪ್ಪಟೆ ಮಾಡಿ, ಬಣ್ಣ ಗಾಢ ಮಾಡಿಕೊಂಡು ಶಾಖ ಹೀರುತ್ತವೆ. ಮೈ 35 ಡಿಗ್ರಿ ಆಸುಪಾಸಿಗೆ ಬಂದ ಮೇಲೆ ಬೇಟೆ, ಓಡಾಟ. ಬಿಸಿಲು ಜಾಸ್ತಿಯಾದರೆ ಬಾಯಿ ತೆರೆದು ಕೂರುತ್ತವೆ, ಇಲ್ಲವೇ ಪೊದೆಯ ನೆರಳಿಗೆ ಇಳಿಯುತ್ತವೆ. ಸಂಜೆಯಾದರೆ ಕತ್ತಲು, ತಂಪು, ನಿದ್ದೆ. ಮೈಯೊಳಗೆ ಒಲೆ ಇಲ್ಲದ ಪ್ರಾಣಿ ಇದು. ಜಾಗ ಬದಲಿಸುತ್ತಲೇ ಬದುಕುತ್ತದೆ. ನೀವು ಕಟ್ಟಿಕೊಡಬೇಕಾದದ್ದು ಈ ದಿನಚರಿಯನ್ನು. ಒಂದು ತುದಿಯಲ್ಲಿ ಸುಡುವ ಬಿಸಿಲು, ಇನ್ನೊಂದು ತುದಿಯಲ್ಲಿ ನೆರಳು, ನಡುವೆ ಅವನಿಗೆ ಬೇಕಾದಲ್ಲಿ ನಿಲ್ಲುವಷ್ಟು ದಾರಿ.

ಈಗ ಕಿಟಕಿಯ ವಿಷಯ. ನಾನು ಅತಿ ಹೆಚ್ಚು ಕೇಳುವ, ಅತಿ ಹೆಚ್ಚು ಹಾನಿ ಮಾಡುವ ತಪ್ಪು ನಂಬಿಕೆ ಇದು. ಕ್ಯಾಲ್ಸಿಯಂ ಹೊಟ್ಟೆಯಿಂದ ಮೈಗೆ ಸೇರಬೇಕಾದರೆ ವಿಟಮಿನ್ ಡಿ3 ಬೇಕು. ಅದು ತಯಾರಾಗುವುದು ಚರ್ಮದ ಮೇಲೆ ಯುವಿ-ಬಿ ಕಿರಣ ಬಿದ್ದಾಗ. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಶಾಖವನ್ನೂ ಬಿಡುತ್ತದೆ, ಆದರೆ ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಅಕ್ವೇರಿಯಂನದ್ದು ಮತ್ತೊಂದು ಗಾಜು. ಈ ದೇಶಕ್ಕೆ ಬಂದ ನಮ್ಮವರಲ್ಲಿ ಎಷ್ಟೋ ಜನರಿಗೆ ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ವಿಟಮಿನ್ ಡಿ ಮಾತ್ರೆ ಬರೆದುಕೊಡುತ್ತಾರಲ್ಲ, ಗುಂಡನ ಕಥೆಯೂ ಅದೇ. ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಡಿ3 ಇಲ್ಲದಿದ್ದರೆ ಅದರ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಹಾಗಾಗಿ ಮೊದಲ ಖರ್ಚು ಯುವಿ ಟ್ಯೂಬ್. ಉದ್ದನೆಯ ಟಿ5 ಹೈ ಔಟ್‌ಪುಟ್ ಟ್ಯೂಬ್ ತನ್ನಿ. ಯುವಿ-ಬಿ 10 ಅಥವಾ 12 ಶೇಕಡಾ ಅಂತ ಬರೆದಿರುತ್ತದೆ. ಹಿಂದೆ ರಿಫ್ಲೆಕ್ಟರ್ ಇರಲಿ. ಸುರುಳಿ ಆಕಾರದ ಪುಟ್ಟ ಯುವಿ ಬಲ್ಬು ಅಗ್ಗಕ್ಕೆ ಸಿಗುತ್ತದೆ. ಆದರೆ ಅದರ ಕೆಳಗೆ ಒಂದು ತಟ್ಟೆಯಷ್ಟು ಜಾಗಕ್ಕೆ ಮಾತ್ರ ಯುವಿ ಬೀಳುತ್ತದೆ, ನಾನು ಅದನ್ನು ತರಲು ಹೇಳುವುದಿಲ್ಲ. ಟ್ಯೂಬ್ ಗೂಡಿನ ಉದ್ದದ ಅರ್ಧದಿಂದ ಮೂರನೇ ಎರಡು ಭಾಗ ಬಂದರೆ ಸಾಕು. ಪೂರ್ತಿ ಉದ್ದ ಹಾಕಿದರೆ ಯುವಿಯಿಂದ ತಪ್ಪಿಸಿಕೊಳ್ಳಲು ಅವನಿಗೆ ನೆರಳೇ ಇರುವುದಿಲ್ಲ. ಅವನು ಬಿಸಿಲು ಕಾಯಿಸುವ ಜಾಗದ ಬೆನ್ನಿಗೂ ಟ್ಯೂಬಿಗೂ 30ರಿಂದ 40 ಸೆಂಟಿಮೀಟರ್ ಅಂತರ ಇರಲಿ. ಕಂಪನಿಗೆ ಕಂಪನಿಗೆ ಇದು ಬೇರೆಯಾಗುತ್ತದೆ, ಡಬ್ಬಿ ಮೇಲೆ ಓದಿಕೊಳ್ಳಿ. ನಡುವೆ ಸಣ್ಣ ಕಣ್ಣಿನ ಜಾಲರಿ ಬಂದರೆ ಯುವಿಯ ಒಂದು ಪಾಲು ಅಲ್ಲೇ ಉಳಿಯುತ್ತದೆ. ಇನ್ನೊಂದು ಮೋಸ ಇದೆ. ಟ್ಯೂಬ್ ಕಣ್ಣಿಗೆ ಬೆಳಗುತ್ತಲೇ ಇರುತ್ತದೆ, ಯುವಿ ಮಾತ್ರ ಒಳಗೊಳಗೇ ಕುಂದಿರುತ್ತದೆ. ವರ್ಷಕ್ಕೊಮ್ಮೆ ಬದಲಿಸಿ. ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲೇ ಮಾರ್ಕರ್‌ನಲ್ಲಿ ಬರೆದಿಡಿ. ಗೋಡೆ ಕ್ಯಾಲೆಂಡರ್ ಕಳೆದುಹೋಗುತ್ತದೆ.

ಶಾಖ. ಅವನು ಮೈ ಕಾಯಿಸುವ ಕಲ್ಲು ಅಥವಾ ಕೊಂಬೆಯ ಮೇಲ್ಮೈ 40ರಿಂದ 42 ಡಿಗ್ರಿ, ತಂಪು ತುದಿ 25ರ ಆಸುಪಾಸು. ನಿಮ್ಮ 2 ಅಡಿಯ ತೊಟ್ಟಿಯಲ್ಲಿ ಇದನ್ನು ಮಾಡಲು ಹೋದರೆ ಏನಾಗುತ್ತದೆ ಗೊತ್ತಾ? ಒಂದು ತುದಿ 40 ಮುಟ್ಟುವಾಗ ಇನ್ನೊಂದು ತುದಿ 34 ಆಗಿರುತ್ತದೆ. ತಂಪು ಮಾಡಲು ಬಲ್ಬು ಸಣ್ಣದು ಹಾಕಿದರೆ ಎರಡೂ ಕಡೆ ಉಗುರುಬೆಚ್ಚಗಾಗಿ ಅವನು ತಿಂದದ್ದು ಕರಗುವುದಿಲ್ಲ. ಗಾಜು ಕೆರೆಯುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹೊರಗೆ ಹೋಗುವ ದಾರಿ ಹುಡುಕುತ್ತಿರುತ್ತಾನೆ. ಗಾಜಿನಲ್ಲಿ ಕಾಣುವ ತನ್ನದೇ ಬಿಂಬವನ್ನು ಇನ್ನೊಂದು ಗಂಡು ಅಂದುಕೊಂಡು ಗಡ್ಡ ಕಪ್ಪು ಮಾಡುವುದೂ ಉಂಟು. ಇವತ್ತೇ ಮೂರು ಬದಿಗೆ ಹೊರಗಿನಿಂದ ದಪ್ಪ ಕಾಗದ ಅಂಟಿಸಿ ನೋಡಿ, ಖರ್ಚಿಲ್ಲದ ಕೆಲಸ.

ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರನ್ನು ನಂಬಬೇಡಿ. ಅದು ಗಾಜಿನ ಬಿಸಿ ಹೇಳುತ್ತದೆ, ಗುಂಡನ ಕಾಲಡಿಯದ್ದಲ್ಲ. ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಒಂದು ತಂಪು ತುದಿಗೆ, ಮೇಲ್ಮೈ ಅಳೆಯಲು ಟೆಂಪರೇಚರ್ ಗನ್ ಒಂದು. ನಮ್ಮಲ್ಲಿ ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಗನ್ ಬೇಡ. ಅದು ಮನುಷ್ಯರ ಜ್ವರ ಅಳೆಯಲು ಮಾಡಿದ್ದು. ಹಾರ್ಡ್‌ವೇರ್ ಅಂಗಡಿಯದ್ದು ತನ್ನಿ.

ಕರೆಂಟಿನ ಕಲ್ಲನ್ನು ಇವತ್ತೇ ತೆಗೆದುಬಿಡಿ. ‘ಹೊಟ್ಟೆ ಬೆಚ್ಚಗಿದ್ದರೆ ಜೀರ್ಣವಾಗುತ್ತೆ’ ಅಂತ ಮಾರುತ್ತಾರೆ. ಇವಕ್ಕೆ ಶಾಖ ಬರಬೇಕಾದದ್ದು ಸೂರ್ಯನಂತೆ ಮೇಲಿನಿಂದ. ಕೆಳಗಿನಿಂದ ಸುಡುತ್ತಿದ್ದರೂ ಎದ್ದುಹೋಗಬೇಕು ಅಂತ ಬೇಗ ಹೊಳೆಯುವುದಿಲ್ಲ. ಅಂಥ ಕಲ್ಲು ಕೆಟ್ಟು ವಿಪರೀತ ಕಾದು, ಹೊಟ್ಟೆಯ ಚರ್ಮ ಸುಟ್ಟುಕೊಂಡ ಬಿಯರ್ಡಿಗೆ ನಾನು ಎರಡು ತಿಂಗಳು ಪಟ್ಟಿ ಕಟ್ಟಿದ್ದೇನೆ.

ಕೆಂಪು ಬಲ್ಬೂ ಬೇಡ. ಇವಕ್ಕೆ ಕೆಂಪು ಕಾಣುವುದಿಲ್ಲ ಅನ್ನುವುದು ಸುಳ್ಳು, ಬಣ್ಣಗಳನ್ನು ನಮಗಿಂತ ಚೆನ್ನಾಗಿಯೇ ನೋಡುತ್ತವೆ. ಸಾಲದ್ದಕ್ಕೆ ನೆತ್ತಿಯ ಮೇಲೆ ಬೆಳಕನ್ನು ಗುರುತಿಸುವ ಒಂದು ಪುಟ್ಟ ಚುಕ್ಕೆ ಇದೆ, ಮೂರನೇ ಕಣ್ಣು ಅನ್ನಿ. ಶಿವನದ್ದಕ್ಕಿಂತ ಸೌಮ್ಯ. ರಾತ್ರಿಯಿಡೀ ಬಲ್ಬು ಉರಿದರೆ ನಿದ್ದೆ ಕೆಡುತ್ತದೆ, ಹಗಲೆಲ್ಲ ತೂಕಡಿಸುತ್ತದೆ. ರಾತ್ರಿ ಕತ್ತಲೆಯೇ ಬೇಕು. ತಂಪೂ ಬೇಕು, ದೊಡ್ಡ ಬಿಯರ್ಡಿಗೆ 18 ಡಿಗ್ರಿವರೆಗೆ ಇಳಿದರೂ ತೊಂದರೆಯಿಲ್ಲ. ಆದರೆ ಮೆಲ್ಬರ್ನ್‌ನ ಬಾಡಿಗೆ ಮನೆಗಳು ನನಗೂ ಗೊತ್ತು. ಜುಲೈ ರಾತ್ರಿ ಹೀಟರ್ ಆರಿಸಿದರೆ ಒಳಗೇ 11, 12 ಆಗುತ್ತದೆ. ಹಾಗಿದ್ದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಒಂದನ್ನು ಥರ್ಮೋಸ್ಟಾಟ್‌ಗೆ (ಶಾಖ ಮಿತಿ ಮೀರದಂತೆ ತಡೆಯುವ ಸಾಧನಕ್ಕೆ) ಜೋಡಿಸಿ ಹಾಕಿ. ಗುಂಡನಿಗೆ ಈಗ ಹುಷಾರಿಲ್ಲ, ಅದಕ್ಕೇ ಸದ್ಯಕ್ಕೆ 22ಕ್ಕೆ ಇಡಿ. ಅದರ ಸುತ್ತ ತಂತಿಯ ಬಲೆ ಇರಲೇಬೇಕು, ಇವು ಹಾರಿ ಹಿಡಿದುಕೊಳ್ಳುತ್ತವೆ. ಥರ್ಮೋಸ್ಟಾಟ್ ಇಲ್ಲದೆ ಹಾಕುವುದಾದರೆ ಹಾಕದಿರುವುದೇ ವಾಸಿ. ಹಗಲಿಗೆ ಬಿಳಿ ಬೆಳಕಿನ ಹ್ಯಾಲೊಜೆನ್ ಬಲ್ಬು, ಅದು ಯುವಿ ಟ್ಯೂಬ್ ಇರುವ ತುದಿಯಲ್ಲೇ ಇರಲಿ. ಎರಡಕ್ಕೂ ಒಂದೇ ಟೈಮರ್. ಚಳಿಗಾಲದಲ್ಲಿ 10, 11 ಗಂಟೆ, ಬೇಸಿಗೆಯಲ್ಲಿ 13, 14.

ಮರಳಿನ ಬಗ್ಗೆ ಹೆದರಿಸಿದವರು ಅರ್ಧ ಸರಿ. ಹೊಟ್ಟೆಯಲ್ಲಿ ಮರಳು ಕಟ್ಟಿಕೊಂಡ ಪ್ರಾಣಿಗಳನ್ನು ನೋಡಿದ್ದೇನೆ. ಅವುಗಳ ಗೂಡಿನ ಬಗ್ಗೆ ಕೇಳಿದರೆ ಪ್ರತಿ ಸಲ ಇನ್ನೇನೋ ಹೊರಬರುತ್ತದೆ. ಶಾಖ ಸಾಲದು, ನೀರು ಸಾಲದು, ಕ್ಯಾಲ್ಸಿಯಂ ಕಡಿಮೆ, ಹುಳು ದೊಡ್ಡದು. ಗಟ್ಟಿಮುಟ್ಟಾದ ಪ್ರಾಣಿ ನಾಲಿಗೆಗೆ ಅಂಟಿದ ನಾಲ್ಕು ಕಾಳು ಮರಳನ್ನು ಹಿಕ್ಕೆಯಲ್ಲಿ ಹಾಕಿಬಿಡುತ್ತದೆ. ನಿಮ್ಮಲ್ಲಿರುವ ಕ್ಯಾಲ್ಸಿಯಂ ಮರಳು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ‘ತಿಂದರೂ ಕರಗುತ್ತೆ’ ಅಂತ ಬರೆದಿರುತ್ತಾರೆ. ಕ್ಯಾಲ್ಸಿಯಂ ಕೊರತೆ ಇರುವ ಪ್ರಾಣಿ ಅದನ್ನು ಬೇಕೆಂದೇ ನೆಕ್ಕುತ್ತದೆ, ಒಳಗೆ ಹೋಗಿ ಗಟ್ಟಿಯಾಗುತ್ತದೆ. ಈಗ ಎಲ್ಲ ತೆಗೆದು ಪೇಪರ್ ಟವೆಲ್ ಹಾಸಿ. ನೋಡಲು ಚೆಂದವಿಲ್ಲ, ಆದರೆ ಹಿಕ್ಕೆ ಹೇಗಿದೆ ಅಂತ ನಿಮಗೂ ವೆಟ್‌ಗೂ ಕಾಣುತ್ತದೆ. ಅವನು ಚೇತರಿಸಿಕೊಂಡು ದೊಡ್ಡವನಾದ ಮೇಲೆ ಎರಡು ದಾರಿ. ಒರಟು ಟೈಲ್ಸ್ ಹಾಕಿದರೆ ಒರೆಸುವುದು ಸುಲಭ, ಉಗುರೂ ಸವೆಯುತ್ತದೆ, ಆದರೆ ತೋಡುವ ಆಸೆ ತೀರುವುದಿಲ್ಲ. ಗೊಬ್ಬರ ಬೆರೆಸದ ತೋಟದ ಮಣ್ಣು ಮೂರು ಪಾಲು, ಮಕ್ಕಳ ಆಟದ ಮರಳು ಎರಡು ಪಾಲು ಕಲಸಿ ಒತ್ತಿ ಒಣಗಿಸಿದರೆ ಅವನ ಊರಿನ ನೆಲದಂತೆಯೇ ಆಗುತ್ತದೆ. ಅದರಲ್ಲಿ ದಿನಾ ಹಿಕ್ಕೆ ಆರಿಸುವ ಕೆಲಸ ನಿಮ್ಮದು. ನಾನು ಅರ್ಧ ಟೈಲ್ಸ್, ಒಂದು ಮೂಲೆಯಲ್ಲಿ ಮಣ್ಣಿನ ಟ್ರೇ ಇಡುವವರ ಪರ. ಅಕ್ರೋಟು ಚಿಪ್ಪಿನ ಪುಡಿ ಮಾತ್ರ ಯಾವ ಕಾಲಕ್ಕೂ ಬೇಡ.

ಅತ್ತೆಯವರ ಕರುಣೆ ದೊಡ್ಡದು. ಅವರಿಗೆ ನನ್ನ ನಮಸ್ಕಾರ ಹೇಳಿ, ಆದರೆ ಜೊತೆ ತರಬೇಡಿ. ಇವು ಒಂಟಿಯಾಗಿರುವ ಪ್ರಾಣಿಗಳು. ಎರಡು ಗಂಡು ಸೇರಿದರೆ ಜಗಳ. ಗಂಡು ಹೆಣ್ಣಾದರೆ ಹೆಣ್ಣಿಗೆ ಬಿಡುವಿಲ್ಲದ ಕಾಟ, ಮೊಟ್ಟೆ. ಮರಿಗಳು ಒಂದರ ಬಾಲ ಇನ್ನೊಂದು ಕಚ್ಚಿ ತೆಗೆಯುತ್ತವೆ, ಮತ್ತೆ ಬೆಳೆಯುವ ಬಾಲವೂ ಅಲ್ಲ ಇದು. ಒಂದರ ಮೇಲೊಂದು ಮಲಗಿರುವ ಫೋಟೋ ನೋಡಿ ಜನ ಪ್ರೀತಿ ಅಂದುಕೊಳ್ಳುತ್ತಾರೆ. ಮೇಲಿನದು ಕೆಳಗಿನದರ ಶಾಖ, ಬೆಳಕು ಎರಡನ್ನೂ ಕಿತ್ತುಕೊಳ್ಳುತ್ತಿರುತ್ತದೆ. ಮುಂಗಾಲು ಎತ್ತಿ ಟಾಟಾ ಮಾಡುವುದೂ ಸ್ನೇಹವಲ್ಲ, ‘ನಾನು ಸಣ್ಣವನು, ಬಿಟ್ಟುಬಿಡು’ ಅನ್ನುವ ಭಾಷೆ.

ಮಧ್ಯಾಹ್ನದ ನಿದ್ದೆಗೆ ‘ಅದು ಬ್ರುಮೇಷನ್, ಚಳಿಗಾಲದ ನಿದ್ದೆ’ ಅಂತ ಯಾರಾದರೂ ಸಮಾಧಾನ ಹೇಳಬಹುದು. ದೊಡ್ಡ ಬಿಯರ್ಡಿಗಳು ಜೂನ್‌ನಿಂದ ಆಗಸ್ಟ್‌ವರೆಗೆ ಹಾಗೆ ಮಲಗುವುದು ನಿಜ. ಆದರೆ ವರ್ಷ ತುಂಬದ, ಬೆರಳು ಅದುರುವ ಮರಿಗೆ ಆ ಹೆಸರು ಕೊಟ್ಟು ಸುಮ್ಮನಾಗಬಾರದು. ಕಾಯಿಲೆಯ ಸುಸ್ತು, ಚಳಿಗಾಲದ ನಿದ್ದೆ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ತೂಕ ನೋಡುತ್ತಾ ಇರಿ, ಅಡುಗೆಮನೆಯಲ್ಲಿರುವಂಥ ಡಿಜಿಟಲ್ ತಕ್ಕಡಿ ಸಾಕು. ಅಡುಗೆಗೆ ಬಳಸುವುದೇ ಅಲ್ಲ, ಬೇರೆಯದು.

ಇನ್ನು ದುಡ್ಡಿನ ಲೆಕ್ಕ. ಗುಂಡ ಬಾಲ ಸೇರಿ ಒಂದೂವರೆ, ಎರಡು ಅಡಿ ಆಗುತ್ತಾನೆ. ಆಗ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರಕ್ಕಿಂತ ಚಿಕ್ಕದು ಇಕ್ಕಟ್ಟು. ‘ಮರಿಗೆ ದೊಡ್ಡ ಗೂಡು ಭಯ’ ಅನ್ನುವುದಕ್ಕೆ ಹುರುಳಿಲ್ಲ. ಅಡಗಲು ಎರಡು ಜಾಗ ಇಟ್ಟು, ಹುಳುವನ್ನು ಒಂದು ಬಟ್ಟಲಲ್ಲಿ ಕೊಟ್ಟರೆ ಮರಿಯೂ ಅದರಲ್ಲೇ ಬೆಳೆಯುತ್ತದೆ. 3 ಅಡಿಯದನ್ನು ಈಗ, 4 ಅಡಿಯದನ್ನು ಆಮೇಲೆ ಅಂತ ಎರಡು ಸಲ ಕೊಳ್ಳಬೇಡಿ. ಈ ವಾರ ಟ್ಯೂಬ್, ಹ್ಯಾಲೊಜೆನ್, ಥರ್ಮಾಮೀಟರ್. ಈಗಿರುವ ತೊಟ್ಟಿಯಲ್ಲೇ ಹೊಂದಿಸಿ, ಶಾಖ ಏರದಂತೆ ದಿನಕ್ಕೆ ಮೂರು ಸಲ ಅಳೆಯಿರಿ. ಟ್ಯೂಬನ್ನು ಮಾತ್ರ 4 ಅಡಿಯ ಗೂಡಿಗೆ ಹೊಂದುವ ಉದ್ದದ್ದೇ ತನ್ನಿ. ಈಗ ತೊಟ್ಟಿಯ ಮೇಲೆ ಅದು ಸ್ವಲ್ಪ ಚಾಚಿಕೊಂಡು ಕೂರುತ್ತದೆ, ಕೂರಲಿ. ತಂಪು ತುದಿಯಲ್ಲಿ ಮರೆಯಾಗಲು ಒಂದು ರಟ್ಟಿನ ಡಬ್ಬಿ ಇಟ್ಟರೆ ನೆರಳೂ ಆಯಿತು. ಇದು ತಾತ್ಕಾಲಿಕ, ಒಂದೆರಡು ತಿಂಗಳಿಗಿಂತ ಎಳೆಯಬೇಡಿ. ಅಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಗೂಡು ಹುಡುಕಿ. ಇಲ್ಲಿನ ಚಳಿಗೆ ಪೂರ್ತಿ ಗಾಜಿನದಕ್ಕಿಂತ ಮುಂದೆ ಮಾತ್ರ ಗಾಜಿನ ಬಾಗಿಲಿರುವ ಮೆಲಮಿನ್ ಹಲಗೆಯದು ಒಳ್ಳೆಯದು, ಶಾಖ ನಿಲ್ಲುತ್ತದೆ. ಹಳೆಯದರಲ್ಲಿ ಅಪಾಯ ಅಂದರೆ ಹಿಂದಿನ ಪ್ರಾಣಿಯ ಹೊಟ್ಟೆಯ ಪರಾವಲಂಬಿಗಳು, ಮೈಟ್ಸ್ ಎಂಬ ನುಸಿಗಳು. ಬಿಡಿಸಿ ತೊಳೆದು, ವೆಟ್ ಹೇಳುವ ಡಿಸಿನ್ಫೆಕ್ಟೆಂಟ್ ಹಚ್ಚಿ, ಚೆನ್ನಾಗಿ ಒಣಗಿಸಿ. ಗಾಳಿಯಾಡಲು ಕಿಂಡಿ ಇದೆಯಾ ನೋಡಿ. ಒಳಗೆ ಹತ್ತಲು ದಪ್ಪ ಕೊಂಬೆ ಬೇಕು. ನ್ಯಾಷನಲ್ ಪಾರ್ಕ್‌ನಿಂದ ಆರಿಸಿ ತರುವಂತಿಲ್ಲ, ದಂಡ ಬೀಳುತ್ತದೆ.

ಬೇಸಿಗೆಯಲ್ಲಿ ಹಿತ್ತಲಿಗೆ ಬಿಡುವುದು ಬಹಳ ಒಳ್ಳೆಯದು, ನಿಜವಾದ ಬಿಸಿಲಿಗೆ ಯಾವ ಟ್ಯೂಬೂ ಸಮವಲ್ಲ. ಜಾಲರಿ ಗೂಡಿನಲ್ಲಿ, ನೆರಳಿನ ಮೂಲೆ ಬಿಟ್ಟು, ನೀವು ಪಕ್ಕದಲ್ಲೇ ಕೂತಿರಬೇಕು. ಕುಕಬರಾ ಹಕ್ಕಿಗೆ ಗುಂಡ ಊಟವಾಗಿ ಕಾಣುತ್ತಾನೆ. ಗಾಜಿನ ತೊಟ್ಟಿಯನ್ನು ಹಾಗೇ ಬಿಸಿಲಿಗೆ ಇಡಬೇಡಿ, ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ.

ನೀವು ಕೇಳದೇ ಇದ್ದರೂ ಎರಡು ಮಾತು. ಸಸ್ಯಾಹಾರಿ ಮನೆಯವರು ಕೆಲವರು ಮರಿಯನ್ನೂ ಸೊಪ್ಪಿನಲ್ಲೇ ಬೆಳೆಸಲು ನೋಡುತ್ತಾರೆ. ಈ ವಯಸ್ಸಿಗೆ ಕ್ರಿಕೆಟ್ ಹುಳು, ವುಡಿ ಎಂಬ ಜಿರಳೆ ಬೇಕೇ ಬೇಕು. ಅವನ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು, ಉಳಿದ ಹುಳುವನ್ನು ರಾತ್ರಿ ಒಳಗೆ ಬಿಡಬಾರದು, ಅವೇ ಅವನನ್ನು ಕಚ್ಚುತ್ತವೆ. ಸೊಪ್ಪಿನಲ್ಲಿ ಪಾಲಕ್ ಬೇಡ, ಅದು ಇರುವ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯದು, ಅವನ ಬಟ್ಟಲನ್ನು ಅಡುಗೆ ಸಿಂಕಿನಲ್ಲಿ ತೊಳೆಯಬೇಡಿ. ಆರೋಗ್ಯವಾಗಿರುವ ಬಿಯರ್ಡಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮಗಳಿಗೂ ಅತ್ತೆಯವರಿಗೂ ಒಂದೇ ನಿಯಮ.

ಚೆನ್ನಾಗಿ ಸಾಕಿದರೆ ಇವು 10 ವರ್ಷ, ಕೆಲವು ಇನ್ನೂ ಜಾಸ್ತಿ ಬದುಕುತ್ತವೆ. ಮಗಳಿಗೆ 20 ಆಗಿರುತ್ತದೆ. ಅಷ್ಟರೊಳಗೆ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಒಂದು ವಿಷಯ ಗೊತ್ತಿರಲಿ. ಇಲ್ಲಿನ ಸರೀಸೃಪಗಳನ್ನು ಸಾಕುಪ್ರಾಣಿಯಾಗಿ ಹೊರದೇಶಕ್ಕೆ ಒಯ್ಯಲು ಆಸ್ಟ್ರೇಲಿಯಾ ಬಿಡುವುದಿಲ್ಲ. ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಒಪ್ಪಿಸಬೇಕು. ಕಾಡಿಗೆ ಬಿಡುವಂತೆಯೂ ಇಲ್ಲ.

ವೆಟ್ ಹತ್ತಿರ ಹೋಗುವಾಗ ಈಗಿನ ತೊಟ್ಟಿಯ ಫೋಟೋ, ಬಲ್ಬುಗಳ ಡಬ್ಬಿ, ಬೆರಳು ಅದುರುವಾಗಿನ ಒಂದು ವಿಡಿಯೋ ತೆಗೆದುಕೊಂಡು ಹೋಗಿ. ಮೇಜಿನ ಮೇಲೆ ಇಟ್ಟ ತಕ್ಷಣ ಅದುರುವುದು ನಿಂತುಬಿಟ್ಟರೆ ನಿಮ್ಮ ಬಾಯಿಮಾತಷ್ಟೇ ಉಳಿಯುತ್ತದೆ. ಗಾಳಿ ಕಿಂಡಿ ಇರುವ ಡಬ್ಬಿಯಲ್ಲಿ ಟವೆಲ್ ಹಾಸಿ ಕೂರಿಸಿ. ಪಕ್ಕದಲ್ಲಿ ಬಟ್ಟೆ ಸುತ್ತಿದ ಬೆಚ್ಚನೆ ನೀರಿನ ಬಾಟಲಿ ಇರಲಿ. ಹೊರಡುವ ಹತ್ತು ನಿಮಿಷ ಮೊದಲೇ ಕಾರಿನ ಹೀಟರ್ ಹಾಕಿ.